ಅಕೇಡಿಯಾದ ಕಡಲು, ಕಾಡು: ಉಬ್ಬರ ಇಳಿತ ನೋಡಿ ದಿನ ಹೊಂದಿಸುವುದು ಹೇಗೆ?

ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯದಲ್ಲಿರುವ ಅಕೇಡಿಯಾ ರಾಷ್ಟ್ರೀಯ ಉದ್ಯಾನಕ್ಕೆ ಬಾಸ್ಟನ್ನಿನಿಂದ ಕಾರಿನಲ್ಲಿ ಸುಮಾರು ಐದು ಗಂಟೆಯ ಹಾದಿ. ಬೇಸಿಗೆಯಲ್ಲಿ ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಅಲ್ಲಿಗೆ ಹೋಗುವ ಕನ್ನಡ ಕುಟುಂಬಗಳು ಬಹಳ. ನಾನೂ ಹಲವು ಬಾರಿ ಹೋಗಿದ್ದೇನೆ, ಹೋದಾಗಲೆಲ್ಲ ಒಂದೇ ತಪ್ಪನ್ನು ಕಂಡಿದ್ದೇನೆ. ಬಂದವರು ಹೋಟೆಲಿನ ತಿಂಡಿಯ ಹೊತ್ತು ನೋಡಿ ದಿನವನ್ನು ಹೊಂದಿಸುತ್ತಾರೆ, ಕಡಲಿನ ಹೊತ್ತನ್ನು ನೋಡುವುದಿಲ್ಲ. ಅಲೆ ಗುಡುಗುವ ಜಾಗಕ್ಕೆ ನೀರಿಳಿದಾಗ ಹೋಗಿ ನಿರಾಶರಾಗುತ್ತಾರೆ. ನೀರಿಳಿದಾಗ ಮಾತ್ರ ನಡೆಯಬಹುದಾದ ದಾರಿಗೆ ನೀರೇರುವಾಗ ಇಳಿಯುತ್ತಾರೆ. ಮಂಗಳೂರು, ಕಾರವಾರದ ಕಡಲನ್ನು ನೋಡಿ ಬೆಳೆದವರಿಗೂ ಇಲ್ಲಿ ಅಂದಾಜು ತಪ್ಪುತ್ತದೆ. ನಮ್ಮ ಕರಾವಳಿಯಲ್ಲಿ ನೀರಿನ ಏರಿಳಿತ ಎರಡು ಮೀಟರಿನ ಒಳಗೇ ಇದ್ದರೆ, ಉದ್ಯಾನಕ್ಕೆ ಹೊಂದಿಕೊಂಡಿರುವ ಬಾರ್ ಹಾರ್ಬರ್ ಪಟ್ಟಣದ ಎದುರು ಸರಾಸರಿ ಏರಿಳಿತವೇ ಮೂರು ಮೀಟರಿಗಿಂತ ಹೆಚ್ಚು.

ಹೊರಡುವ ಮೊದಲು

ಉದ್ಯಾನದ ಪ್ರವೇಶ ಪಾಸನ್ನು ಮನೆಯಲ್ಲೇ ಆನ್‌ಲೈನಿನಲ್ಲಿ ಕೊಂಡು ಮುದ್ರಿಸಿಟ್ಟುಕೊಳ್ಳಿ. ಕ್ಯಾಡಿಲಾಕ್ ಬೆಟ್ಟದ ತುದಿಗೆ ಕಾರಿನಲ್ಲಿ ಹೋಗುವುದಾದರೆ, ಮೇ ತಿಂಗಳ ಉತ್ತರಾರ್ಧದಿಂದ ಅಕ್ಟೋಬರ್ ಉತ್ತರಾರ್ಧದವರೆಗೆ, ಪಾಸಿನ ಜೊತೆಗೆ ಬೇರೆಯೇ ಒಂದು ಮುಂಗಡ ಕಾಯ್ದಿರಿಸುವಿಕೆ ಬೇಕು. ಅದರಲ್ಲಿ ಶೇಕಡಾ 30ರಷ್ಟು ಟಿಕೆಟ್‌ಗಳನ್ನು 90 ದಿನ ಮೊದಲು ಬಿಡುಗಡೆ ಮಾಡುತ್ತಾರೆ. ಉಳಿದವು ಎರಡು ದಿನ ಮೊದಲು ಬೆಳಿಗ್ಗೆ 10 ಗಂಟೆಗೆ ಸಿಗುತ್ತವೆ. 466 ಮೀಟರ್ ಎತ್ತರದ ಆ ಬೆಟ್ಟದಲ್ಲಿ ಸೂರ್ಯೋದಯ ನೋಡುವುದು ಪ್ರಸಿದ್ಧವೇನೋ ಹೌದು. ಆದರೆ ವಯಸ್ಸಾದವರನ್ನು ನಸುಕಿನಲ್ಲಿ ಎಬ್ಬಿಸಿ ಆ ಚಳಿಗಾಳಿಯಲ್ಲಿ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಅದೇ ಸೂರ್ಯನನ್ನು ಕೆಳಗಿನ ಕಡಲಂಚಿನ ಬಂಡೆಗಳ ಮೇಲೆ ಕುಳಿತು ನೋಡಿ.

ಉಬ್ಬರದ ಪಟ್ಟಿ ಓದುವುದು

ಇದೊಂದು ಕೆಲಸಕ್ಕೆ ಅರ್ಧ ಗಂಟೆ ಕೊಡಿ. ಅಮೆರಿಕ ಸರ್ಕಾರದ ಸಾಗರ ಮತ್ತು ವಾತಾವರಣ ಸಂಸ್ಥೆಯಾದ ನೋವಾ (NOAA) ಪ್ರತಿ ಬಂದರಿನ ಉಬ್ಬರ ಇಳಿತದ ಮುನ್ಸೂಚನೆಯನ್ನು ಉಚಿತವಾಗಿ ಪ್ರಕಟಿಸುತ್ತದೆ. ಅಲ್ಲಿ ಬಾರ್ ಹಾರ್ಬರ್ ಕೇಂದ್ರವನ್ನೇ ಹೆಸರಿಟ್ಟು ಆರಿಸಿಕೊಳ್ಳಿ. ಫೋನಿನ ಎಷ್ಟೋ ಉಚಿತ ಆ್ಯಪ್‌ಗಳು ತಮಗೆ ತೋಚಿದ ಬಂದರನ್ನು ತಾವೇ ಆರಿಸಿಕೊಂಡು ಅಲ್ಲಿನ ಸಮಯವನ್ನು ತೋರಿಸುತ್ತವೆ. ಅಂಥವನ್ನು ನಂಬಿ ನಾನೇ ಒಮ್ಮೆ ಮೋಸ ಹೋದದ್ದರಿಂದ ಅವನ್ನು ಫೋನಿನಿಂದ ತೆಗೆದುಹಾಕಿದ್ದೇನೆ. ಪುಟದಲ್ಲಿ ಸಮಯದ ಆಯ್ಕೆಯನ್ನೂ ಗಮನಿಸಿ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಕಾರಣ, ಬೇಸಿಗೆ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪಟ್ಟಿಯನ್ನು ಮುದ್ರಿಸಿಕೊಂಡರೆ ಇಡೀ ದಿನದ ಲೆಕ್ಕ ಒಂದು ಗಂಟೆ ಜಾರಿಹೋಗುತ್ತದೆ.

ಪಟ್ಟಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ನಾಲ್ಕು ಸಾಲುಗಳಿರುತ್ತವೆ: ಎರಡು ಉಬ್ಬರ, ಎರಡು ಇಳಿತ. ಪ್ರತಿ ಸಾಲಿನಲ್ಲೂ ಸಮಯ ಮತ್ತು ನೀರಿನ ಎತ್ತರ ಇರುತ್ತದೆ. ಅಲ್ಲಿನ ಸೊನ್ನೆ ಎಂದರೆ ದಿನದ ಎರಡು ಇಳಿತಗಳಲ್ಲಿ ಹೆಚ್ಚು ತಗ್ಗಿನದರ ದೀರ್ಘಕಾಲದ ಸರಾಸರಿ. ಆದ್ದರಿಂದ ಎತ್ತರದ ಮುಂದೆ ಋಣ ಚಿಹ್ನೆ ಕಂಡರೆ ಗಾಬರಿಯಾಗಬೇಡಿ, ಆ ದಿನ ನೀರು ವಾಡಿಕೆಗಿಂತ ಇನ್ನೂ ಕೆಳಕ್ಕೆ ಹೋಗಲಿದೆ ಎಂದಷ್ಟೇ ಅರ್ಥ. ಒಂದು ಇಳಿತದಿಂದ ಮುಂದಿನ ಉಬ್ಬರಕ್ಕೆ ಸುಮಾರು 6 ಗಂಟೆ 12 ನಿಮಿಷ. ಚಂದ್ರ ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುವಂತೆಯೇ ಉಬ್ಬರವೂ ದಿನಕ್ಕೆ ಅಷ್ಟೇ ತಡವಾಗುತ್ತ ಹೋಗುತ್ತದೆ. ಶನಿವಾರದ ಸಮಯವನ್ನು ಭಾನುವಾರಕ್ಕೆ ಬಳಸುವ ಕುಟುಂಬಗಳು ಎಡವುವುದು ಇಲ್ಲೇ.

ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರ್ ಇರುವ ಮನೆಯವರಿಗೆ ಒಂದು ಅನುಕೂಲವಿದೆ. ಈ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚುಕಡಿಮೆ ನಡುಹಗಲಿಗೂ ನಡುರಾತ್ರಿಗೂ ಬೀಳುತ್ತದೆ, ಇಳಿತ ಬೆಳಿಗ್ಗೆ ಸಂಜೆ ಆರರ ಸುಮಾರಿಗೆ ಬರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಇದು ತಿರುಗುಮುರುಗು. ಹಾಗಾಗಿ ಮಕ್ಕಳೊಂದಿಗೆ ಹಗಲಿನಲ್ಲಿ, ನೀರಿಳಿದಾಗ ಮಾತ್ರ ದಾರಿ ತೆರೆಯುವ ಬಾರ್ ದ್ವೀಪಕ್ಕೆ ನಡೆದುಹೋಗುವ ಆಸೆಯಿದ್ದರೆ ಅಷ್ಟಮಿಯ ವಾರಾಂತ್ಯಕ್ಕೇ ಹೋಟೆಲ್ ಕಾಯ್ದಿರಿಸಿ. ಆದರೂ ತಿಥಿ ನೋಡಿ ವಾರವನ್ನು ಆರಿಸಬಹುದೇ ಹೊರತು ಗಂಟೆಯನ್ನಲ್ಲ. ಗಂಟೆಗೆ ಪಟ್ಟಿಯೇ ಬೇಕು.

ಬಾರ್ ದ್ವೀಪಕ್ಕೆ ನಡೆದು ಹೋಗುವುದು

ಬಾರ್ ಹಾರ್ಬರಿನ ಬ್ರಿಜ್ ಸ್ಟ್ರೀಟಿನ ಕೊನೆಗೆ ರಸ್ತೆ ನೇರವಾಗಿ ಕಡಲಿಗೆ ಇಳಿಯುತ್ತದೆ. ಇಳಿತದ ಹೊತ್ತಿಗೆ ಅಲ್ಲಿ ಜಲ್ಲಿಕಲ್ಲು ಮತ್ತು ಮರಳಿನ ಅಗಲವಾದ ದಿಣ್ಣೆಯೊಂದು ಎದ್ದು ದ್ವೀಪವನ್ನು ಪಟ್ಟಣಕ್ಕೆ ಜೋಡಿಸುತ್ತದೆ. ಇಳಿತಕ್ಕೆ ಒಂದೂವರೆ ಗಂಟೆ ಮೊದಲಿನಿಂದ ಇಳಿತದ ನಂತರ ಒಂದೂವರೆ ಗಂಟೆಯವರೆಗೆ ಮಾತ್ರ ಅದು ನಡೆಯಲು ಯೋಗ್ಯ. ಪಟ್ಟಿಯಲ್ಲಿ ಇಳಿತ 11:20 ಎಂದಿದ್ದರೆ ದಾರಿ ತೆರೆಯುವುದು 9:50ಕ್ಕೆ, ಮುಚ್ಚುವುದು 12:50ಕ್ಕೆ. ಈ 12:50 ನೀವು ದ್ವೀಪದಿಂದ ಹೊರಡುವ ಹೊತ್ತಲ್ಲ, ಪಟ್ಟಣದ ಡಾಂಬರು ರಸ್ತೆಯ ಮೇಲೆ ಕಾಲಿಟ್ಟಿರಬೇಕಾದ ಹೊತ್ತು. ಹಿರಿಯರಿದ್ದರೆ 12:20ಕ್ಕೇ ದ್ವೀಪದ ಕಡೆಯಿಂದ ದಿಣ್ಣೆಗೆ ಇಳಿದುಬಿಡಿ, ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ.

ಅರ್ಧ ಗಂಟೆಯ ಈ ಎಚ್ಚರಿಕೆ ಅತಿಯಾಯಿತು ಎನ್ನುವವರು ನೀರು ಏರುವ ಬಗೆಯನ್ನು ತಿಳಿದಿರಬೇಕು. ಅದು ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಪಾಲು ಏರುತ್ತದೆ ಎಂಬುದು ನಾವಿಕರ ಹಳೆಯ ಲೆಕ್ಕ. ಮೊದಲ ಗಂಟೆಯ ನಿಧಾನಗತಿಯನ್ನು ನೋಡಿ ಧೈರ್ಯ ತಂದುಕೊಂಡವರಿಗೆ ಮೂರನೆಯ ಗಂಟೆಯಲ್ಲಿ ಎರಡೂವರೆ ಅಡಿ ನೀರು ಎದುರಾಗುತ್ತದೆ. ಅದೂ ದಿಣ್ಣೆಯ ಎರಡೂ ಬದಿಯಿಂದ ಹರಿದುಬಂದು ಕೂಡುತ್ತದೆ. ಒಂದು ಬಾರಿ ನನ್ನ ಕಣ್ಣೆದುರೇ ಒಂದು ಕುಟುಂಬ ತಡಮಾಡಿ ಇಳಿಯಿತು. ಯಜಮಾನರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಮಗುವನ್ನು ಹೆಗಲಿಗೇರಿಸಿಕೊಂಡಿದ್ದರು. ಅಜ್ಜಿ ಒಂದು ಕೈಯಲ್ಲಿ ಸೀರೆಯ ನೆರಿಗೆಯನ್ನೂ ಇನ್ನೊಂದರಲ್ಲಿ ಮಗಳ ತೋಳನ್ನೂ ಹಿಡಿದು, ಕಾಣದ ಕಲ್ಲುಗಳ ಮೇಲೆ ಹೆಜ್ಜೆ ತಡಕುತ್ತ ಬರುತ್ತಿದ್ದರು. ನೀರು ಬರೀ ಮೊಣಕಾಲಿನವರೆಗಿತ್ತು, ಆದರೂ ದಡ ಸೇರಿದಾಗ ಅಜ್ಜಿಯ ಪಾದಗಳು ಚಳಿಗೆ ಕೆಂಪಾಗಿ ಮರಗಟ್ಟಿದ್ದವು. ಇಲ್ಲಿಯ ಕಡಲ ನೀರು ನಡುಬೇಸಿಗೆಯಲ್ಲೂ 13 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪ. ಹೊತ್ತು ಮೀರಿದ್ದರೆ ದಾಟುವ ಸಾಹಸ ಬೇಡವೇ ಬೇಡ. ಮುಂದಿನ ಸಲ ದಾರಿ ತೆರೆಯಲು ಸುಮಾರು ಒಂಬತ್ತು ಗಂಟೆ ಬೇಕು ನಿಜ, ಆದರೆ ದ್ವೀಪದಲ್ಲೇ ಉಳಿದು ಫೋನ್ ಮಾಡಿ ದೋಣಿಯ ನೆರವು ಕೇಳಬಹುದು. ದಿಣ್ಣೆಯ ಮೇಲೆ ಕಾರು ಒಯ್ದು ನಿಲ್ಲಿಸುವ ಅಡ್ಡದಾರಿಯನ್ನಂತೂ ಯಾರು ಹೇಳಿದರೂ ಕೇಳಬೇಡಿ. ಉಪ್ಪುನೀರು ಹೊಕ್ಕ ಕಾರು ಮತ್ತೆ ಸರಿಹೋಗುವುದಿಲ್ಲ.

ಅದೇ ದಿನ ಥಂಡರ್ ಹೋಲ್

ಥಂಡರ್ ಹೋಲ್ ಎಂದರೆ ಗುಲಾಬಿ ಬಣ್ಣದ ಗ್ರಾನೈಟಿನಲ್ಲಿ ಅಲೆಗಳು ಕೊರೆದ ಇಕ್ಕಟ್ಟಾದ ಸೀಳು, ಅದರ ಕೊನೆಗೆ ಒಂದು ಪುಟ್ಟ ಗವಿ. ನುಗ್ಗುವ ಅಲೆ ಗವಿಯೊಳಗಿನ ಗಾಳಿಯನ್ನು ಒತ್ತಿ, ಆ ಗಾಳಿ ಒಮ್ಮೆಲೇ ಹೊರಚಿಮ್ಮುವಾಗ ಗುಡುಗಿನ ಸದ್ದು ಹುಟ್ಟುತ್ತದೆ. ಇದಕ್ಕೆ ಒಳ್ಳೆಯ ಹೊತ್ತು ಉಬ್ಬರಕ್ಕೆ ಒಂದರಿಂದ ಎರಡು ಗಂಟೆ ಮೊದಲು. ಮೇಲಿನ ಉದಾಹರಣೆಯ ದಿನ ಉಬ್ಬರ ಸುಮಾರು 5:30ಕ್ಕೆ ಬೀಳುವುದರಿಂದ 3:30ಕ್ಕೆ ಅಲ್ಲಿರಿ. ನಡುವಿನ ಹೊತ್ತಿನಲ್ಲಿ ಊಟ ಮುಗಿಸಿ, ಸ್ಯಾಂಡ್ ಬೀಚಿನಿಂದ ಆಟರ್ ಪಾಯಿಂಟಿನವರೆಗೆ ಕಡಲಿನಂಚಿಗೇ ಸಾಗುವ ಸುಮಾರು ಮೂರು ಕಿಲೋಮೀಟರಿನ ಓಷನ್ ಪಾತ್ ಹಿಡಿದು ನಡೆದು ಬನ್ನಿ. ಥಂಡರ್ ಹೋಲ್ ಆ ದಾರಿಯಲ್ಲೇ ಸಿಗುತ್ತದೆ. ಬೇಸಿಗೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವ ಬದಲು ಐಲ್ಯಾಂಡ್ ಎಕ್ಸ್‌ಪ್ಲೋರರ್ ಎಂಬ ಉಚಿತ ಬಸ್ಸನ್ನು ಹತ್ತುವುದೇ ಮೇಲು.

ಬಂಡೆಗಳಿಗೆ ಇಳಿಯುವವರು ಬಣ್ಣಗಳನ್ನು ಓದಲು ಕಲಿಯಬೇಕು. ಮೇಲ್ಭಾಗದ ಒಣಗಿದ ಗುಲಾಬಿ ಗ್ರಾನೈಟ್ ಕಾಲಿಗೆ ಗಟ್ಟಿ ಹಿಡಿತ ಕೊಡುತ್ತದೆ. ಅದರ ಕೆಳಗೆ ಟಾರು ಬಳಿದಂತೆ ಒಂದು ಕಪ್ಪು ಪಟ್ಟೆ ಕಾಣುತ್ತದೆ. ಅದು ಕಲೆಯಲ್ಲ, ಬಂಡೆಗಂಟಿ ಬೆಳೆಯುವ ಸೂಕ್ಷ್ಮಜೀವಿಗಳ ಪದರ, ಒದ್ದೆಯಾದಾಗ ಎಣ್ಣೆ ಸುರಿದ ನೆಲದಂತೆ ಜಾರುತ್ತದೆ. ಇನ್ನೂ ಕೆಳಗೆ ಸುಣ್ಣದಂತೆ ಬಿಳಿಯಾದ ಬಾರ್ನಕಲ್ ಚಿಪ್ಪುಗಳ ಪಟ್ಟೆ, ಅದರಾಚೆ ಗಾಳಿಗುಳ್ಳೆಗಳಿರುವ ಕಂದು ಕಡಲಪಾಚಿ. ಕಪ್ಪು ಪಟ್ಟೆಯೇ ನಿಮ್ಮ ಗಡಿ ಎಂದುಕೊಳ್ಳಿ. ಅದನ್ನು ದಾಟಬೇಡಿ, ಮಕ್ಕಳನ್ನೂ ಬಿಡಬೇಡಿ. ನುಣುಪು ಅಡಿಯ ಕ್ಯಾನ್ವಾಸ್ ಬೂಟುಗಳೂ ಅಗ್ಗದ ರಬ್ಬರ್ ಚಪ್ಪಲಿಗಳೂ ಇಲ್ಲಿಗೆ ನಿಷ್ಪ್ರಯೋಜಕ. ಅಂಗಡಿಗಳಲ್ಲಿ ನೇತುಹಾಕಿರುವ ತೆಳು ಪ್ಲಾಸ್ಟಿಕ್ ಮಳೆಗವಸು ಕಡಲಗಾಳಿಗೆ ಹಾಯಿಯಂತೆ ಉಬ್ಬಿ ಆಯ ತಪ್ಪಿಸುತ್ತದೆ, ಅದರ ಬದಲು ಜಿಪ್ ಇರುವ ಗಟ್ಟಿ ಜಾಕೆಟ್ ತನ್ನಿ.

ಆಕಾಶ ತಿಳಿಯಾಗಿದ್ದರೂ ದೂರದ ಚಂಡಮಾರುತದ ಎಚ್ಚರಿಕೆ ಇದ್ದ ದಿನ ಇಲ್ಲಿಗೆ ಬರಲೇಬೇಡಿ. 2009ರ ಆಗಸ್ಟ್‌ನಲ್ಲಿ ಬಿಲ್ ಚಂಡಮಾರುತ ದೂರದ ಕಡಲಿನಲ್ಲಿ ಹಾದುಹೋಗುತ್ತಿದ್ದಾಗ, ಅಲೆ ನೋಡಲು ನೆರೆದಿದ್ದವರ ಮೇಲೆ ದೊಡ್ಡದೊಂದು ಅಲೆ ಅಪ್ಪಳಿಸಿ ಕೆಲವರನ್ನು ಎಳೆದೊಯ್ದಿತು, ಏಳು ವರ್ಷದ ಬಾಲಕಿಯೊಬ್ಬಳು ತೀರಿಕೊಂಡಳು.

ಕಾಡಿನ ಪಾಲು

ಉಬ್ಬರ ಇಳಿತಗಳೆರಡೂ ಅನುಕೂಲವಲ್ಲದ ಹೊತ್ತನ್ನೂ ಮಂಜು ಕವಿದು ಕಡಲು ಕಾಣದ ದಿನಗಳನ್ನೂ ಕಾಡಿಗೆ ಮೀಸಲಿಡಿ. ಅಮೆರಿಕದ ಸಿರಿವಂತ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ 1913ರಿಂದ 1940ರವರೆಗೆ ಕಟ್ಟಿಸಿದ ಜಲ್ಲಿಯ ಕುದುರೆಗಾಡಿ ರಸ್ತೆಗಳಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ, ಏರುತಗ್ಗು ಹದವಾಗಿರುವುದರಿಂದ ಮಂಡಿನೋವಿನವರೂ ನಿಧಾನವಾಗಿ ನಡೆಯಬಹುದು. ಜಾರ್ಡನ್ ಪಾಂಡ್ ಸುತ್ತಿನ ಐದು ಕಿಲೋಮೀಟರ್ ದಾರಿ ಚೆಂದ, ಆದರೆ ಅದರ ಪಶ್ಚಿಮ ದಂಡೆಯಲ್ಲಿ ಕಿರಿದಾದ ಹಲಗೆಗಳ ಮೇಲೆ ಸಾಗಬೇಕಾಗುವುದರಿಂದ ಹಿರಿಯರನ್ನು ಪೂರ್ವ ದಂಡೆಯಲ್ಲಿ ನಡೆಸಿ ಅಲ್ಲಿಂದಲೇ ಮರಳಿಸಿ. ಆ ಕೆರೆಯ ನೀರನ್ನು ಕುಡಿಯಲು ಬಳಸುವುದರಿಂದ ಅದರಲ್ಲಿ ಇಳಿಯುವಂತಿಲ್ಲ. ನಡೆಯುವಾಗ ಮರಗಳನ್ನೂ ಗಮನಿಸಿ. 1947ರ ಅಕ್ಟೋಬರ್‌ನ ಬೆಂಕಿಯಲ್ಲಿ ಉದ್ಯಾನದ 10,000 ಎಕರೆಗೂ ಹೆಚ್ಚು ಕಾಡು ಸುಟ್ಟುಹೋಯಿತು. ಕಪ್ಪುಹಸಿರಿನ ಸ್ಪ್ರೂಸ್ ಮತ್ತು ಫರ್ ಮರಗಳಿದ್ದ ಆ ಜಾಗದಲ್ಲಿ ಬಿಳಿ ತೊಗಟೆಯ ಬರ್ಚ್ ಮತ್ತು ಆಸ್ಪೆನ್ ಎದ್ದು ನಿಂತವು, ಅಕ್ಟೋಬರ್‌ನಲ್ಲಿ ಜನ ಮುಗಿಬಿದ್ದು ನೋಡುವ ಹೊಂಬಣ್ಣದಲ್ಲಿ ಬಹುಪಾಲು ಅವುಗಳದೇ.

ಮಲೆನಾಡಿನವರಿಗೆ ಉಣುಗಿನ ಭಯವನ್ನು ಹೊಸದಾಗಿ ಹೇಳಬೇಕಿಲ್ಲ. ಇಲ್ಲಿಯ ಉಣುಗು ಹರಡುವುದು ಮಂಗನ ಕಾಯಿಲೆಯನ್ನಲ್ಲ, ಲೈಮ್ ಎಂಬ ಬೇರೆ ಕಾಯಿಲೆಯನ್ನು. ಅದರ ಮರಿ ಎಳ್ಳುಕಾಳಿಗಿಂತ ದೊಡ್ಡದಿರುವುದಿಲ್ಲ. ತಿಳಿಬಣ್ಣದ ಉದ್ದ ಪ್ಯಾಂಟು ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಕೋಣೆಗೆ ಮರಳಿದ ಕೂಡಲೇ ಮಂಡಿಯ ಹಿಂದೆ, ಕಂಕುಳಲ್ಲಿ, ಮಕ್ಕಳ ಕಿವಿಯ ಹಿಂದೆ, ಕೂದಲಿನ ಬುಡದಲ್ಲಿ ಬೆಳಕು ಬಿಟ್ಟು ನೋಡಿ. ಅಂಟಿಕೊಂಡಿದ್ದರೆ ಸೀಮೆಎಣ್ಣೆ, ಬೆಂಕಿಕಡ್ಡಿಗಳ ಮನೆಮದ್ದು ಬೇಡ. ಚೂಪು ಮೂತಿಯ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆಳೆಯಿರಿ.