ಫ್ರಾಂಕನ್ ಸಿಲ್ವಾನರ್: ಬಾಟಲಿ ಆರಿಸುವುದು, ತಟ್ಟೆಗೆ ಹೊಂದಿಸುವುದು

ಜರ್ಮನಿಯ ಬಿಳಿ ವೈನ್ ಎಂದ ಕೂಡಲೇ ಎಲ್ಲರೂ ರೀಸ್ಲಿಂಗ್ ಕಡೆ ಕೈತೋರಿಸುತ್ತಾರೆ. ಅದರ ಹುಳಿ ಮೊನಚು, ಅಭ್ಯಾಸವಿಲ್ಲದವರ ಹಲ್ಲು ಜುಮ್ಮೆನ್ನುತ್ತದೆ. ಹೊಸಬರಿಗೆ ನಾವು ಹೇಳುವುದು ಸಿಲ್ವಾನರ್. ಹುಳಿ ಹದವಾಗಿ, ಹಸಿ ಸೇಬು, ಪೇರಳೆ, ಸೊಪ್ಪಿನ ತೆಳು ಪರಿಮಳದೊಂದಿಗೆ ಊಟದ ಪಕ್ಕದಲ್ಲಿ ಸದ್ದಿಲ್ಲದೆ ಕೂರುವ ವೈನ್ ಇದು. ವುರ್ಜ್‌ಬರ್ಗ್ ಸುತ್ತಲಿನ ಫ್ರಾಂಕನ್ ಪ್ರದೇಶವೇ ಇದರ ತವರು ಎನ್ನಬಹುದು. ಅಲ್ಲಿನ ಕಾಸ್ಟೆಲ್ ಎಂಬ ಊರಿನಲ್ಲಿ 1659ರಲ್ಲೇ ಇದರ ಬಳ್ಳಿ ನೆಟ್ಟ ದಾಖಲೆಯಿದೆ.

ಜರ್ಮನಿಯ ಅಂಗಡಿಯಲ್ಲಿ ಮೊದಲು ಹುಡುಕಬೇಕಾದ ಪದ ‘ಟ್ರೊಕನ್’, ಅಂದರೆ ಸಿಹಿಯಿಲ್ಲದ್ದು. ಕಾನೂನಿನಂತೆ ಲೀಟರಿಗೆ 4 ಗ್ರಾಂ ತನಕ ಸಕ್ಕರೆ ಇರಬಹುದು, ಹುಳಿ ಸಾಕಷ್ಟಿದ್ದರೆ 9 ಗ್ರಾಂ ತನಕ. ‘ಹಾಲ್ಬ್‌ಟ್ರೊಕನ್’ ಅರೆಸಿಹಿ, ‘ಲೀಪ್ಲಿಶ್’ ಸಿಹಿಯೇ. ‘ಫೈನ್‌ಹೆರ್ಬ್’ ಎಂಬುದಕ್ಕೆ ಕಾನೂನಿನ ಅಳತೆಯೇ ಇಲ್ಲ. ಹೊಸಬರು ಎಡವುವುದು ‘ಕಾಬಿನೆಟ್’, ‘ಶ್ಪೇಟ್‌ಲೇಸೆ’ ಪದಗಳಲ್ಲಿ. ಅವು ಕೊಯ್ಲಿನ ಹೊತ್ತಿಗೆ ದ್ರಾಕ್ಷಿ ಎಷ್ಟು ಮಾಗಿತ್ತು ಎಂದು ಹೇಳುತ್ತವೆಯೇ ಹೊರತು ಬಾಟಲಿಯೊಳಗಿನ ಸಿಹಿಯನ್ನಲ್ಲ. ಅನುಮಾನವಿದ್ದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ: 2023ರ ಡಿಸೆಂಬರ್ 8ರ ನಂತರ ತಯಾರಾದ ವೈನ್‌ಗೆ ಪೋಷಕಾಂಶದ ಪಟ್ಟಿ ಕಡ್ಡಾಯ. 100 ಮಿಲಿಗೆ ಕೊಟ್ಟ ಸಕ್ಕರೆಯನ್ನು ಹತ್ತರಿಂದ ಗುಣಿಸಿದರೆ ಲೀಟರಿನ ಲೆಕ್ಕ ಸಿಕ್ಕಿತು.

ಸಸ್ಯಾಹಾರಿಗಳು ಗಮನಿಸಿ. ವೈನ್ ತಿಳಿಗೊಳಿಸಲು ಜೆಲಾಟಿನ್ ಅಥವಾ ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ ಬಳಸುವುದುಂಟು, ಪಟ್ಟಿಯಲ್ಲಿ ಇವು ಕಾಣಿಸಬೇಕೆಂದಿಲ್ಲ. ‘ವೇಗನ್’ ಎಂದು ಬರೆದಿರುವುದನ್ನೇ ಕೊಳ್ಳಿ.

ಫ್ರಾಂಕನ್ ವೈನ್ ಚಪ್ಪಟೆ ಹೊಟ್ಟೆಯ ‘ಬಾಕ್ಸ್‌ಬಾಯ್ಟಲ್’ ಬಾಟಲಿಯಲ್ಲಿ ಬರುವುದುಂಟು. ಫ್ರಿಜ್ಜಿನ ಬಾಗಿಲಿನಲ್ಲಿ ಅದು ನಿಲ್ಲುವುದು ಕಷ್ಟ, ಮಲಗಿಸಿಡಿ, ಉರುಳುವುದಿಲ್ಲ. ಕುಡಿಯುವಾಗ 8ರಿಂದ 10 ಡಿಗ್ರಿ ಇದ್ದರೆ ಸಾಕು. ಫ್ರಿಜ್ಜಿನಿಂದ ತೆಗೆದು ಹತ್ತು ಹದಿನೈದು ನಿಮಿಷ ಹೊರಗಿಡಿ. ತೀರಾ ತಣ್ಣಗಿದ್ದರೆ ಪರಿಮಳ ಮುಚ್ಚಿಕೊಂಡು ಬರೀ ಹುಳಿ ನೀರಾಗುತ್ತದೆ.

ಇದರ ನಿಜವಾದ ಜೋಡಿ ಶ್ಪಾರ್ಗೆಲ್, ಅಂದರೆ ತರಕಾರಿಯಾಗಿ ತಿನ್ನುವ ಬಿಳಿ ಶತಾವರಿ (ಆಸ್ಪರಾಗಸ್). ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದು ಜೂನ್ 24ಕ್ಕೆ ಹಂಗಾಮು ಮುಗಿಯುತ್ತದೆ. ಅದೇ ಊಟವಾದರೆ ತಲೆಗೆ ಅರ್ಧ ಕೆಜಿ ಲೆಕ್ಕ. ಎರಡು ದಂಟು ಉಜ್ಜಿದಾಗ ಕೀಚ್ ಎಂದರೆ ತಾಜಾ. ತುದಿಯ ಮೊಗ್ಗು ಬಿಟ್ಟು ಅದರ ಕೆಳಗಿನಿಂದ ಬುಡದವರೆಗೆ ಸಿಪ್ಪೆ ಧಾರಾಳವಾಗಿ ಹೆರೆಯಿರಿ, ಬುಡದ ಒಂದೆರಡು ಸೆಂಟಿಮೀಟರ್ ಕತ್ತರಿಸಿ. ಇಲ್ಲಿ ಜಿಪುಣತನ ಮಾಡಿದರೆ ನುಗ್ಗೆಕಾಯಿಯ ಸಿಪ್ಪೆಯಂತೆ ಅಗಿಯುತ್ತಲೇ ಇರಬೇಕು. ಉಪ್ಪು, ಚಿಟಿಕೆ ಸಕ್ಕರೆ, ಚೂರು ಬೆಣ್ಣೆ ಹಾಕಿದ ನೀರಿನಲ್ಲಿ, ದಪ್ಪ ನೋಡಿಕೊಂಡು, 12ರಿಂದ 15 ನಿಮಿಷ ಮೆಲ್ಲಗೆ ಬೇಯಿಸಿ. ಬೆಂದ ಆಲೂಗಡ್ಡೆ, ಕರಗಿಸಿದ ಬೆಣ್ಣೆ ಜೊತೆಗಿರಲಿ. ಶತಾವರಿಯಲ್ಲಿ ಸಣ್ಣ ಕಹಿಯಿದೆ. ಒಗರಿನ ಕೆಂಪು ವೈನ್ ಅಥವಾ ಓಕ್ ಪೀಪಾಯಿಯ ವಾಸನೆಯ ವೈನ್ ಆ ಕಹಿಯನ್ನು ಎತ್ತಿ ನಾಲಗೆಗೆ ಲೋಹದ ರುಚಿ ಕೊಡುತ್ತದೆ. ಓಕ್ ಸೋಕದ ಸಿಲ್ವಾನರ್‌ನಲ್ಲಿ ಆ ತಂಟೆಯಿಲ್ಲ. ಮೀನು ತಿನ್ನುವವರಿಗೆ ಬೆಣ್ಣೆಯಲ್ಲಿ ಹುರಿದ ಟ್ರೌಟ್ ಕೂಡ ಚೆನ್ನ.

ನಮ್ಮ ಅಡುಗೆಯಲ್ಲಿ? ಹೆಸರುಬೇಳೆ ಕೋಸಂಬರಿ, ಉದ್ದಿನ ವಡೆ, ಅವರೆಕಾಳಿನ ಉಸಲಿ, ಖಾರ ಕಡಿಮೆ ಮಾಡಿದ ತೆಂಗಿನಕಾಯಿ ಸಾಗು, ನೀರ್ ದೋಸೆ: ಇವೆಲ್ಲಕ್ಕೂ ಸೈ. ಬಿಸಿಬೇಳೆಬಾತ್, ಕೋರಿ ಗಸಿ, ಉಪ್ಪಿನಕಾಯಿ ಜೊತೆ ಬೇಡವೇ ಬೇಡ. ಆಲ್ಕೋಹಾಲ್ ಮೆಣಸಿನ ಉರಿಯನ್ನು ಹೆಚ್ಚಿಸುತ್ತದೆ, ಹುಣಸೆಯ ಹುಳಿಯ ಮುಂದೆ ವೈನ್ ಸಪ್ಪೆಯಾಗುತ್ತದೆ. ಅಂಥ ಊಟಕ್ಕೆ ಸ್ವಲ್ಪ ಸಿಹಿಯಿರುವ, ಆಲ್ಕೋಹಾಲ್ ಕಡಿಮೆಯ ಮೋಸೆಲ್ ರೀಸ್ಲಿಂಗ್ ಕಾಬಿನೆಟ್ ವಾಸಿ. ಮಜ್ಜಿಗೆ ಇನ್ನೂ ವಾಸಿ.

ಉಳಿದದ್ದನ್ನು ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಕೆಡದು. ಜರ್ಮನಿಯಲ್ಲಿ ಕಾರು ಓಡಿಸುವವರಿಗೆ ರಕ್ತದಲ್ಲಿ ಆಲ್ಕೋಹಾಲ್ ಮಿತಿ 0.5 ಪ್ರೊಮಿಲ್ (ಸಾವಿರಕ್ಕೆ ಅರ್ಧ ಪಾಲು), 21 ತುಂಬದವರಿಗೂ ಲೈಸೆನ್ಸಿನ ಪ್ರೊಬೇಷನ್ ಅವಧಿಯಲ್ಲಿರುವವರಿಗೂ ಸೊನ್ನೆ. ಖಾಲಿ ವೈನ್ ಬಾಟಲಿಗೆ ಸಾಮಾನ್ಯವಾಗಿ ಠೇವಣಿ ವಾಪಸ್ ಸಿಗುವುದಿಲ್ಲ. ಬಣ್ಣ ನೋಡಿ ಬೀದಿಯ ಗಾಜಿನ ಡಬ್ಬಿಗೆ ಹಾಕಿ. ಆದರೆ ಭಾನುವಾರ ಮಾತ್ರ ಬೇಡ, ಸದ್ದಿಗೆ ನೆರೆಮನೆಯ ಕಿಟಕಿ ತೆರೆದುಕೊಳ್ಳುತ್ತದೆ.