ಸೋರುವ ಕಿವಿಯನ್ನು ಒಣಗಿಸಿಯೇ ನೋಡಬೇಕು

ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ ಕಡೆಯ ಹಳ್ಳಿಗಳಿಂದ ನನ್ನ ಬಳಿಗೆ ಬರುವ ಕಿವಿ ರೋಗಿಗಳಲ್ಲಿ ಹೆಚ್ಚಿನವರ ದೂರು ಒಂದೇ: ಕಿವಿ ಸೋರುತ್ತದೆ. ಬರುವುದೂ ಸೋರಲು ಶುರುವಾಗಿ ವರ್ಷಗಳು ಕಳೆದ ಮೇಲೆ. "ಹಲ್ಲು ಬರುವಾಗ ಶುರುವಾಯಿತು, ದೊಡ್ಡವನಾದರೆ ತಾನೇ ನಿಲ್ಲುತ್ತದೆ ಎಂದರು" ಎನ್ನುವ ಮಾತು ಕಿವಿಗೆ ಬೀಳದೆ ನನ್ನ ವಾರ ಮುಗಿಯುವುದಿಲ್ಲ. ಅವರ ಚೀಲದಲ್ಲಿ ನಾಲ್ಕಾರು ಬಗೆಯ ಹನಿಗಳ ಬಾಟಲಿಗಳಿರುತ್ತವೆ. ಆದರೆ ಕೀವು ತೆಗೆದು, ಕಿವಿಯ ತಮಟೆ ಕಾಣುವಂತೆ ಮಾಡಿ ಯಾರಾದರೂ ನೋಡಿದ್ದರೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಇದು ನನಗೆ ಸಂಕಟ ತರುತ್ತದೆ. ಕೀವು ತುಂಬಿದ ಕಿವಿಗೆ ಬೆಳಕು ಬಿಟ್ಟರೆ ಕಾಣುವುದು ಕೀವು ಮಾತ್ರ. ಅದರ ಹಿಂದಿರುವ ರೋಗ ಯಾವುದೆಂದು ತಿಳಿಯದೆ ಬರೆದ ಔಷಧಕ್ಕೆ ಏನು ಅರ್ಥ?

ನಾನು ಮೊದಲು ಕೇಳುವುದು ವಾಸನೆಯ ಬಗ್ಗೆ. ಶೀತವಾದಾಗ ಧಾರಾಳವಾಗಿ ಸೋರಿ, ಲೋಳೆಯಂತಿದ್ದು, ನಾತವಿಲ್ಲದೆ, ಕೆಲವು ದಿನ ಬಂದು ನಿಲ್ಲುವ ಕಿವಿಯಲ್ಲಿ ಸಾಮಾನ್ಯವಾಗಿ ತಮಟೆಯ ನಡುಭಾಗದಲ್ಲಿ ತೂತು ಇರುತ್ತದೆ. ಸ್ವಲ್ಪವೇ ಸೋರುತ್ತದೆ, ಆದರೆ ಎಂದೂ ನಿಲ್ಲುವುದಿಲ್ಲ, ತಲೆದಿಂಬಿಗೆ ಕೆಟ್ಟ ನಾತ, ಆಗೊಮ್ಮೆ ಈಗೊಮ್ಮೆ ರಕ್ತದ ಎಳೆ ಎಂದರೆ ನನ್ನ ಮನಸ್ಸು ಕೂಡಲೇ ಎಚ್ಚರವಾಗುತ್ತದೆ. ಜೊತೆಗೆ ತಲೆಸುತ್ತು ಇದೆಯೇ, ಕಿವಿಯ ಹಿಂದೆ ಬಾವು ಇದೆಯೇ, ಜ್ವರ, ತಲೆನೋವು, ವಾಂತಿ ಇವೆಯೇ ಎಂದು ವಿಚಾರಿಸುತ್ತೇನೆ. ಕಣ್ಣು ಬಿಗಿಯಾಗಿ ಮುಚ್ಚಿಸಿ, ಹಲ್ಲು ತೋರಿಸಲು ಹೇಳಿ ಮುಖದ ಎರಡೂ ಬದಿ ಸಮನಾಗಿ ಚಲಿಸುತ್ತವೆಯೇ ಎಂದು ನೋಡುತ್ತೇನೆ. ಏಕೆಂದರೆ ಮುಖದ ನರ ತಮಟೆಯ ಹಿಂದಿನ ಮಧ್ಯಕಿವಿಯ ಮೂಲಕವೇ ಸಣ್ಣ ಎಲುಬಿನ ಕಾಲುವೆಯೊಳಗೆ ಹಾದುಹೋಗುತ್ತದೆ. ಮಿದುಳಿಗೂ ಮಧ್ಯಕಿವಿಗೂ ನಡುವೆ ಇರುವುದು ತೆಳುವಾದ ಒಂದು ಎಲುಬಿನ ಹಾಳೆ.

ಆಮೇಲೆ ಶುಚಿಗೊಳಿಸುವ ಕೆಲಸ. ಮಗುವಾದರೆ ತಾಯಿಯ ತೊಡೆಯ ಮೇಲೆ ಅಡ್ಡಲಾಗಿ ಕೂರಿಸಿ, ಕಾಲುಗಳನ್ನು ಆಕೆಯ ತೊಡೆಗಳ ನಡುವೆ ಇರಿಸಿ, ಒಂದು ಕೈಯಿಂದ ತಲೆಯನ್ನು ಎದೆಗೆ ಒತ್ತಿ ಹಿಡಿಯಲು ಹೇಳುತ್ತೇನೆ. ದೊಡ್ಡವರ ಕಿವಿಯ ಹಾಳೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ಒಳಗಿನ ದಾರಿ ನೇರವಾಗುತ್ತದೆ. ಎಳೆಯ ಮಕ್ಕಳಲ್ಲಿ ಕೆಳಕ್ಕೂ ಹಿಂದಕ್ಕೂ ಎಳೆಯಬೇಕು. ಲೋಹದ ಕಡ್ಡಿಯ ತುದಿಗೆ ಹತ್ತಿ ಸುತ್ತಿ ಕೀವನ್ನು ಮೆಲ್ಲಗೆ ಹೀರಿಸುತ್ತೇನೆ. ಗಟ್ಟಿಯಾಗಿದ್ದರೆ ಮೈಕ್ರೋಸ್ಕೋಪಿನ ಕೆಳಗೆ ಸಣ್ಣ ನಳಿಕೆಯಿಂದ ಹೀರುತ್ತೇನೆ. ಹೀರುವಾಗ ತಲೆ ಸುತ್ತಬಹುದೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಣ್ಣನೆಯ ಗಾಳಿಯೋ ನೀರೋ ಒಳಕಿವಿಯ ಸಮತೋಲನದ ಅಂಗವನ್ನು ಕೆರಳಿಸುತ್ತದೆ. ತಮಟೆ ತೂತಾಗಿರುವ ಶಂಕೆ ಇರುವಾಗ ಪಿಚಕಾರಿಯಿಂದ ನೀರು ಹೊಡೆಯುವುದನ್ನು ನಾನು ಒಪ್ಪುವುದಿಲ್ಲ.

ಒಣಗಿದ ಮೇಲೆ ನಿಜವಾದ ನೋಟ. ಮೊದಲು ತಮಟೆಗೆ ಅಂಟಿಕೊಂಡ, ಸುತ್ತಿಗೆಯಾಕಾರದ ಪುಟ್ಟ ಎಲುಬಿನ ಹಿಡಿಯನ್ನು ಗುರುತಿಸುತ್ತೇನೆ. ಅದು ಸಿಕ್ಕಿದರೆ ದಿಕ್ಕು ಸಿಕ್ಕಂತೆ. ಆಮೇಲೆ ತಮಟೆಯ ಅಂಚನ್ನು ಸುತ್ತಲೂ ನೋಡಿ, ಕೊನೆಗೆ ಮೇಲ್ಮೂಲೆಗೆ ಬರುತ್ತೇನೆ. ಅವಸರದಲ್ಲಿ ತಪ್ಪಿಹೋಗುವುದು ಈ ಮೂಲೆಯೇ. ಘಟಪ್ರಭಾ ದಂಡೆಯ ಊರಿನ ಒಬ್ಬ ಹುಡುಗಿಯ ಕಿವಿಯಲ್ಲಿ ತಮಟೆಯ ದೊಡ್ಡ ಭಾಗ ಪೂರ್ತಿ ಸರಿಯಾಗಿಯೇ ಇತ್ತು. ಮೇಲ್ಮೂಲೆಯಲ್ಲಿ ಮಾತ್ರ ಗುಗ್ಗೆಯಂತೆ ಕಾಣುವ ಕಂದು ಚಕ್ಕೆಯೊಂದು ಅಂಟಿಕೊಂಡಿತ್ತು. ಆ ಜಾಗದಲ್ಲಿ ಗುಗ್ಗೆ ಹುಟ್ಟುವುದಿಲ್ಲ. ಗುಗ್ಗೆಯ ಗ್ರಂಥಿಗಳಿರುವುದು ಕಿವಿಯ ಕಾಲುವೆಯ ಹೊರಭಾಗದಲ್ಲಿ. ಚಕ್ಕೆಯನ್ನು ಮೆತ್ತಗೆ ಮಾಡಿ ಬಿಡಿಸಿದಾಗ ಕೆಳಗೆ ಎಲುಬು ತಿಂದುಹೋದ ಕುಳಿ, ಅದರ ತುಂಬ ಮುತ್ತಿನ ಬಿಳುಪಿನ ಪೊರೆಗಳು. ಕೊಲೆಸ್ಟಿಯಟೋಮಾ. ಚರ್ಮದ ಪದರ ಇರಬಾರದ ಕಡೆ ಸೇರಿಕೊಂಡು, ಸತ್ತ ಚರ್ಮವನ್ನು ಗುಡ್ಡೆ ಹಾಕುತ್ತ, ಸುತ್ತಲಿನ ಎಲುಬನ್ನು ತಿನ್ನುತ್ತ ಹೋಗುವ ರೋಗ ಇದು. ಹೆಸರು ಕೇಳಿ ಹಲವರು ಕ್ಯಾನ್ಸರ್ ಎಂದು ಹೆದರುತ್ತಾರೆ. ಇದು ಕ್ಯಾನ್ಸರ್ ಅಲ್ಲ. ಆದರೆ ಹನಿಯಿಂದ, ಮಾತ್ರೆಯಿಂದ ಹೋಗುವಂಥದ್ದೂ ಅಲ್ಲ. ಸಿ.ಟಿ. ಸ್ಕ್ಯಾನ್ ಮಾಡಿಸಿ, ಕಿವಿಯ ಹಿಂದಿನ ಎಲುಬು ತೆರೆದು ಬೇರುಸಹಿತ ತೆಗೆಯಬೇಕು. ಆ ಹುಡುಗಿಗೂ ಅದನ್ನೇ ಮಾಡಿದೆವು. ಮುಖದ ನರ ಉಳಿಯಿತು.

ಕೇಳಿಸುವಿಕೆ ಎಷ್ಟಿದೆ, ದೋಷ ಎಲ್ಲಿದೆ ಎಂಬುದಕ್ಕೆ ಯಂತ್ರಕ್ಕಿಂತ ಮೊದಲು ನಾನು 512 ಹರ್ಟ್ಜ್‌ನ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಕೈಗೆತ್ತಿಕೊಳ್ಳುತ್ತೇನೆ. ಕಂಪಿಸುವ ಕವೆಯ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಆಮೇಲೆ ಕವಲನ್ನು ಕಿವಿಯ ಮುಂದೆ ಹಿಡಿದು, ಎಲ್ಲಿ ಜೋರಾಗಿದೆ ಎಂದು ಕೇಳುತ್ತೇನೆ. ಆರೋಗ್ಯದ ಕಿವಿಗೆ ಮುಂದೆ ಹಿಡಿದಾಗಲೇ ಜೋರು. ತಮಟೆಯಲ್ಲೋ ಮೂರು ಪುಟ್ಟ ಎಲುಬುಗಳ ಸರಪಳಿಯಲ್ಲೋ ತಡೆ ಹೆಚ್ಚಿದ್ದರೆ ಹಿಂದೆ ಇಟ್ಟಾಗ ಜೋರು. ಬಳಿಕ ಹಣೆಯ ನಡುವೆ ಇಡುತ್ತೇನೆ. ತಡೆ ಇದ್ದರೆ ಸದ್ದು ಕೆಟ್ಟ ಕಿವಿಯ ಕಡೆಗೆ ಸರಿಯುತ್ತದೆ, ನರ ಸೋತಿದ್ದರೆ ಒಳ್ಳೆಯ ಕಿವಿಯ ಕಡೆಗೆ. ಈ ಕೊನೆಯ ಪರೀಕ್ಷೆಯ ಬೆಲೆ ಎಷ್ಟೆಂದು ಒತ್ತಿ ಹೇಳಬೇಕು. ಬೆಳಗ್ಗೆ ಎದ್ದಾಗ ಒಂದು ಕಿವಿ ದಿಢೀರನೆ ಕೇಳಿಸದಂತಾಗಿ, ಕಾಲುವೆಯೂ ತಮಟೆಯೂ ಶುದ್ಧವಾಗಿದ್ದು, ಸದ್ದು ಒಳ್ಳೆಯ ಕಿವಿಗೆ ಸರಿದರೆ ಅದು ತುರ್ತು ಸ್ಥಿತಿ. ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರಗಳೊಳಗೆ ಶುರುವಾದರೆ ಗುಣವಾಗುವ ಆಸೆ ಹೆಚ್ಚು. "ಶೀತಕ್ಕೆ ಕಿವಿ ಕಟ್ಟಿದೆ" ಎಂದು ತಿಂಗಳು ಕಾದು ಬಂದವರಿಗೆ ಉತ್ತರ ಹೇಳುವುದು ಬಹಳ ಕಷ್ಟ.

ಇಲ್ಲಿ ಮಗ್ಗದವರ ಮಾತೂ ಬರುತ್ತದೆ. ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ನಡುವೆ ಆಯುಷ್ಯ ಕಳೆದವರ ಕಿವಿ ಒಣಗಿಯೇ ಇರುತ್ತದೆ, ತಮಟೆ ಸೊಗಸಾಗಿರುತ್ತದೆ. ಆದರೆ ಕೇಳಿಸುವಿಕೆಯ ನಕ್ಷೆಯಾದ ಆಡಿಯೋಗ್ರಾಮ್‌ನಲ್ಲಿ 4000 ಹರ್ಟ್ಜ್ ಹತ್ತಿರ ಗೆರೆ ಕುಸಿದಿರುತ್ತದೆ. ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ ಎನ್ನುತ್ತಾರೆ. ಹೋದದ್ದನ್ನು ತರುವ ಔಷಧ ಇಲ್ಲ. ಕಿವಿಗೆ ಬಿರಡೆ ಹಾಕಿಕೊಂಡು ಉಳಿದದ್ದನ್ನು ಉಳಿಸಿಕೊಳ್ಳಬೇಕು, ಬೇಕಾದವರು ಶ್ರವಣಯಂತ್ರ ಬಳಸಬೇಕು.

ನಡುಭಾಗದಲ್ಲಿ ತೂತಿರುವ ಸೋರುವ ಕಿವಿಗೆ ನನ್ನ ಚಿಕಿತ್ಸೆ ಸರಳ, ಆದರೆ ಮನೆಯವರ ದುಡಿಮೆ ಬೇಡುವಂಥದ್ದು. ಶುದ್ಧ ಹತ್ತಿ ಬಟ್ಟೆಯ ತುಂಡನ್ನು ಬತ್ತಿಯಂತೆ ಹೊಸೆದು ಕಿವಿಯಲ್ಲಿಟ್ಟು, ತೊಯ್ದ ಮೇಲೆ ತೆಗೆದು ಇನ್ನೊಂದು ಇಡಬೇಕು, ಒಣಗಿ ಬರುವ ತನಕ. ಇದನ್ನು ತಾಯಂದಿರಿಂದ ನನ್ನೆದುರೇ ಮಾಡಿಸುತ್ತೇನೆ. ಆನಂತರ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಹನಿ. ಜೆಂಟಾಮೈಸಿನ್ ಬಗೆಯ ಹನಿಗಳು ತೂತಿನ ಮೂಲಕ ಒಳಕಿವಿಗೆ ತಲುಪಿ ಕೆಡುಕು ಮಾಡಬಲ್ಲವಾದ್ದರಿಂದ ನಾನು ಅವನ್ನು ಬರೆಯುವುದಿಲ್ಲ. ಬಾಟಲಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಮಗ್ಗುಲಾಗಿ ಮಲಗಿಸಿ ಹನಿ ಹಾಕಿ, ಕಿವಿಯ ಮುಂದಿನ ಮೆದು ಗುಬುಟನ್ನು ಹಲವು ಸಲ ಒತ್ತಬೇಕು. ಒತ್ತದಿದ್ದರೆ ಔಷಧ ಹೊರಗಿನ ಕಾಲುವೆಯಲ್ಲೇ ನಿಲ್ಲುತ್ತದೆ. ಸ್ನಾನಕ್ಕೆ ಮುಂಚೆ ವ್ಯಾಸಲೀನ್ ಹಚ್ಚಿದ ಹತ್ತಿ ಇಡಬೇಕು. ಬಾವಿ, ಕಾಲುವೆ, ಹೊಳೆಯಲ್ಲಿ ಮುಳುಗು ಹಾಕುವಂತಿಲ್ಲ. ಬೇಸಿಗೆಯಲ್ಲಿ ಹುಡುಗರನ್ನು ಕೃಷ್ಣೆಯಿಂದ ದೂರ ಇಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು, ಆದರೂ ಬಿಡದೆ ಹೇಳುತ್ತೇನೆ. ಕಿವಿ ಕೆಲವು ವಾರ ಒಣಗಿ ನಿಂತ ಮೇಲೆ, ಕಿವಿಯ ಮೇಲ್ಭಾಗದ ಸ್ನಾಯುವಿನ ಹೊದಿಕೆಯ ತುಂಡನ್ನು ತೆಗೆದು ತೂತು ಮುಚ್ಚುವ ಶಸ್ತ್ರಚಿಕಿತ್ಸೆ ಮಾಡಬಹುದು.

ಕಾಯಿಸಿದ ಎಣ್ಣೆ, ಬೆಳ್ಳುಳ್ಳಿ ರಸ ಹಾಕುವ ರೂಢಿಯನ್ನು ನಿಲ್ಲಿಸಿ ಎಂದು ಕೈಮುಗಿದು ಕೇಳುತ್ತೇನೆ. ತೇವಕ್ಕೆ ಬೂಷ್ಟು ಹಿಡಿದ ಕಿವಿಗಳು ಮಳೆಗಾಲದಲ್ಲಿ ಸಾಲುಸಾಲಾಗಿ ಬರುತ್ತವೆ: ತಡೆಯಲಾಗದ ತುರಿಕೆ, ಒಳಗೆ ನೆನೆದ ಪತ್ರಿಕೆಯ ಕಾಗದದಂಥ ಮುದ್ದೆ, ಅದರ ಮೇಲೆ ಕರಿಚುಕ್ಕೆಗಳು. ಅದನ್ನು ಪೂರ್ತಿ ತೆಗೆದು, ಬೂಷ್ಟಿನ ಔಷಧವಾದ ಕ್ಲೋಟ್ರಿಮಜೋಲ್ ಹಚ್ಚಬೇಕು. ಅಂಥ ಕಿವಿಗೆ ಆಂಟಿಬಯೋಟಿಕ್ ಹನಿಯನ್ನೇ ಮುಂದುವರಿಸಿದರೆ ಬೂಷ್ಟು ಹೆಚ್ಚುತ್ತದೆ. ಎಣ್ಣೆಗೆ ಒಂದೇ ಒಂದು ಸಂದರ್ಭ ಇದೆ: ತೂತಿಲ್ಲದ ಕಿವಿಗೆ ಜೀವಂತ ಹುಳು ಹೊಕ್ಕಾಗ, ಅದನ್ನು ಸಾಯಿಸಲು ಉಗುರುಬೆಚ್ಚಗಿನ ನಾಲ್ಕು ಹನಿ. ಜೋಳದ ಕಾಳು ಹೊಕ್ಕರೆ ನೀರು ಹಾಕಬೇಡಿ, ಉಬ್ಬಿ ಬಿಗಿಯುತ್ತದೆ. ಗುಂಡಿ ಬ್ಯಾಟರಿ ಹೊಕ್ಕಿದ್ದರೆ ಆ ಗಳಿಗೆಯಲ್ಲೇ ಹೊರಡಿ, ಅದು ಕೆಲವೇ ಗಂಟೆಗಳಲ್ಲಿ ಒಳಗೆ ಸುಡುತ್ತದೆ.

ಕೊಲೆಸ್ಟಿಯಟೋಮಾ ತೆಗೆದ ಕಿವಿ ಒಣಗಿತೆಂದು ಮನೆಯವರು ಮರೆತುಬಿಡುತ್ತಾರೆ. ಅದು ವರ್ಷಗಳ ನಂತರವೂ ನೋವಿಲ್ಲದೆ ಮರಳಬಲ್ಲದು. ಅದಕ್ಕಾಗಿ ಅವರ ಚೀಟಿಯ ಮೇಲೆ ಮುಂದಿನ ಭೇಟಿಯ ತಿಂಗಳನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಕಬ್ಬು ಕಟಾವಿಗೆ ಊರು ಬಿಡುವ ಮನೆಯಾದರೆ ದೀಪಾವಳಿಗೆ ಮುಂಚಿನ ದಿನವನ್ನೇ ಗೊತ್ತುಮಾಡಿ, ಮನೆಯ ಹಿರಿಯರಿಗೆ ನಾನೇ ಫೋನ್ ಮಾಡಿ ಕರೆಸಿಕೊಳ್ಳುತ್ತೇನೆ.