71 ದಿನ ಎಲ್ಲಿ ಹೋದವು

ವರ್ತೂರಿನ ಹತ್ತಿರದ ಆ ಸೈಟಿಗೆ ನನ್ನನ್ನು ಕರೆಸಿದ್ದು 2023ರ ಸೆಪ್ಟೆಂಬರ್ ಕೊನೆಯಲ್ಲಿ. ಒಂದು ನೆಲಮಾಳಿಗೆ, ನೆಲಮಹಡಿ, ಅದರ ಮೇಲೆ ಏಳು ಮಹಡಿ, ಒಟ್ಟು 64 ಮನೆಗಳು. ಆ ವರ್ಷದ ಜನವರಿ 2ಕ್ಕೆ ಶುರುವಾದ ಕೆಲಸ 2024ರ ಡಿಸೆಂಬರ್ 31ಕ್ಕೆ ಮುಗಿಯಬೇಕೆಂದು ಕರಾರು. ಮಾಲೀಕರ ಪರವಾಗಿ ತಡದ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಮೊದಲ ಭೇಟಿಯಲ್ಲೇ ಅವರು ತೀರ್ಪು ಹೇಳಿಬಿಟ್ಟಿದ್ದರು: "ಮೇಡಂ, ಮೋಲ್ಡ್ ಕೆಲಸ ಆಮೆಯ ಹಾಗೆ ಸಾಗುತ್ತಿದೆ. ಗುತ್ತಿಗೆದಾರರು ಆಳು ಹಾಕುತ್ತಿಲ್ಲ. ಇನ್ನೂ ಇಪ್ಪತ್ತು ಜನ ಬರಲಿ ಎಂದು ನೀವೇ ಬರೆದುಕೊಡಿ." ಮೋಲ್ಡ್ ಎಂದರೆ ಪ್ರತಿ ಮಹಡಿಯ ಕಾಂಕ್ರೀಟ್ ಸ್ಲ್ಯಾಬ್ ಹಾಕುವುದು. ಮಾಲೀಕರ ಆತಂಕ ನನಗೆ ಅರ್ಥವಾಗುತ್ತಿತ್ತು. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಾಯಿಸಿದ ಮುಕ್ತಾಯದ ದಿನ ಹತ್ತಿರವಾಗುತ್ತಿತ್ತು. ಮನೆ ಕೊಂಡವರಲ್ಲಿ ಬಹಳ ಮಂದಿ ಇತ್ತ ಬಾಡಿಗೆ, ಅತ್ತ ಬ್ಯಾಂಕಿನ ಕಂತು ಎರಡನ್ನೂ ಕಟ್ಟುತ್ತಿದ್ದರು.

ಗುತ್ತಿಗೆದಾರರು ಪ್ರೈಮಾವೆರಾ ಎಂಬ ವೇಳಾಪಟ್ಟಿಯ ಸಾಫ್ಟ್‌ವೇರ್‌ನಲ್ಲಿ ಮಾಡಿ ಕಳಿಸಿದ ತಿಂಗಳ ವೇಳಾಪಟ್ಟಿಯ ಪ್ರಕಾರ ಕೆಲಸ 62 ದಿನ ತಡವಾಗಿತ್ತು. ಆ ಅಂಕಿಯನ್ನು ಹಾಗೆಯೇ ನಂಬಿ ಮುಂದೆ ಹೋಗಬಹುದಿತ್ತು. ಆದರೆ ಕೆಲಸ ನಿಜಕ್ಕೂ ಎಂದು ಶುರುವಾಯಿತು, ಎಂದು ಮುಗಿಯಿತು ಎಂಬ ತಾರೀಖುಗಳು ಸರಿಯಿಲ್ಲದಿದ್ದರೆ ಸಾಫ್ಟ್‌ವೇರ್ ಎಷ್ಟೇ ದೊಡ್ಡದಿರಲಿ, ಅದು ಕೊಡುವ ಉತ್ತರಕ್ಕೆ ಬೆಲೆಯಿಲ್ಲ. ಹಾಗಾಗಿ ಮೊದಲ ಎರಡು ವಾರ ನಾನು ಕಂಪ್ಯೂಟರ್ ತೆರೆದದ್ದೇ ಕಡಿಮೆ. ಕಾಂಕ್ರೀಟ್ ಸುರಿದದ್ದನ್ನು ದಾಖಲಿಸುವ ಪೋರ್ ಕಾರ್ಡುಗಳು, ಕಾಂಕ್ರೀಟಿನ ಗಟ್ಟಿತನ ನೋಡುವ ಕ್ಯೂಬ್ ಪರೀಕ್ಷೆಯ ಹಾಳೆಗಳು, ಎಂಜಿನಿಯರುಗಳು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ದ ಫೋಟೋಗಳು, ದಿನದ ವರದಿಗಳು, ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದೆ.

ಎರಡನೆಯ ಮೋಲ್ಡ್ ಆಗಸ್ಟ್ 12ರ ಶನಿವಾರ ಮುಗಿಯಿತು ಎಂದು ದಿನದ ವರದಿ ಹೇಳುತ್ತಿತ್ತು. ಪೋರ್ ಕಾರ್ಡಿನಲ್ಲಿ ತಾರೀಖನ್ನು ತಿದ್ದಿದ ಗುರುತಿತ್ತು. ಸಂಜೆ ಹೊರಡುವಾಗ ಗೇಟಿನ ಬಳಿ ಕಾವಲುಗಾರರ ಮೇಜಿನ ಮೇಲಿದ್ದ ಉದ್ದನೆಯ ರಿಜಿಸ್ಟರ್ ಕಣ್ಣಿಗೆ ಬಿತ್ತು. ಒಳಗೆ ಬರುವ ಪ್ರತಿ ವಾಹನದ ನಂಬರು, ಹೊತ್ತು, ಸಾಮಾನು ಅದರಲ್ಲಿತ್ತು. ಅವರ ಅನುಮತಿ ಕೇಳಿ ಹಾಳೆ ತಿರುವಿದೆ. ಆಗಸ್ಟ್ 12ರಂದು ಬಂದದ್ದು ಕಬ್ಬಿಣದ ಒಂದು ಲಾರಿ, ನೀರಿನ ಎರಡು ಟ್ಯಾಂಕರ್. ಸೋಮವಾರ 14ರ ಪುಟದಲ್ಲಿ, ಚಹಾ ಲೋಟದ ಕಲೆಯ ಪಕ್ಕದಲ್ಲಿ, "ಕಾಂಕ್ರೀಟ್ ಗಾಡಿ" ಎಂದು ಒಂದರ ಕೆಳಗೊಂದು ಹದಿನಾಲ್ಕು ಸಾಲು. ಮೊದಲನೆಯದು ಬೆಳಿಗ್ಗೆ 11.20ಕ್ಕೆ, ದಟ್ಟಣೆಯ ಹೊತ್ತಿನಲ್ಲಿ ಭಾರೀ ವಾಹನಗಳಿಗಿದ್ದ ನಿರ್ಬಂಧ ಮುಗಿದ ಮೇಲೆ. ಶನಿವಾರ ಕಬ್ಬಿಣ ಕಟ್ಟಿ ಮುಗಿಸಿದ್ದನ್ನೇ "ಮೋಲ್ಡ್ ಮುಗಿಯಿತು" ಎಂದು ವರದಿಯಲ್ಲಿ ಬರೆದಿದ್ದರು. ಯಾರಲ್ಲೂ ಕೆಟ್ಟ ಉದ್ದೇಶವಿರಲಿಲ್ಲ, ವಾರದ ಗುರಿ ಮುಟ್ಟಿದಂತೆ ತೋರಿಸುವ ಒತ್ತಡವಿತ್ತು. ಆ ರಿಜಿಸ್ಟರನ್ನು ಜನವರಿಯಿಂದ ಪುಟಪುಟವಾಗಿ ಫೋಟೋ ತೆಗೆದುಕೊಂಡೆ. ಬರೆಯುವವರಿಗೆ ಯಾರ ತಡವನ್ನೂ ಮುಚ್ಚಿಡಬೇಕಾದ ಅಗತ್ಯವಿರದ ದಾಖಲೆ ಸೈಟಿನಲ್ಲಿ ಅದೊಂದೇ ಆಗಿತ್ತು.

ನಿಜವಾದ ತಾರೀಖುಗಳನ್ನು ತುಂಬಿದಾಗ ಇನ್ನೊಂದು ವಿಷಯ ಹೊರಬಿತ್ತು. ಮುಂದೆ ಆಗಬೇಕಿದ್ದ ನಾಲ್ಕು ಮೋಲ್ಡುಗಳ ಅವಧಿಯನ್ನು ಯಾರೋ ತಲಾ 14 ದಿನದಿಂದ 12ಕ್ಕೆ ಇಳಿಸಿದ್ದರು. ಮುಂದಿನ ಕೆಲಸವನ್ನು ಕಾಗದದ ಮೇಲೆ ಹಿಂಡಿ ಹಿಂದಿನ ತಡವನ್ನು ಮರೆಮಾಡುವ ಈ ಅಭ್ಯಾಸ ನಮ್ಮ ವೃತ್ತಿಯಲ್ಲಿ ಬಹಳ ಹಾನಿ ಮಾಡಿದೆ. ಅಲ್ಲೇ 8 ದಿನ ಅಡಗಿದ್ದವು. ಆ ಹೊತ್ತಿಗೆ ಮುಗಿದಿದ್ದ ಮೋಲ್ಡುಗಳಲ್ಲಿ ಕೊನೆಯದರ ತಪ್ಪು ತಾರೀಖಿನಿಂದ ಇನ್ನೊಂದು ದಿನ. ಎರಡನ್ನೂ ಸರಿಪಡಿಸಿದ ಮೇಲೆ ಮುಕ್ತಾಯ 2025ರ ಮಾರ್ಚ್ 12ಕ್ಕೆ ಬಂತು: 71 ದಿನ ತಡ.

ಈ 71 ದಿನ ಎಲ್ಲಿ ಹೋದವು? ನಿರ್ಮಾಣ ತಡದ ಕುರಿತು ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ 2002ರಲ್ಲಿ ಹೊರತಂದ, 2017ರಲ್ಲಿ ಪರಿಷ್ಕರಿಸಿದ ಪ್ರೋಟೋಕಾಲ್ ಆರು ಬಗೆಯ ವಿಶ್ಲೇಷಣೆಗಳನ್ನು ವಿವರಿಸುತ್ತದೆ. ತಿಂಗಳು ತಿಂಗಳಿನ ವೇಳಾಪಟ್ಟಿಗಳು ಕೈಯಲ್ಲಿದ್ದುದರಿಂದ ನಾನು ಕಾಲವನ್ನು ತುಂಡುಗಳಾಗಿ ಮಾಡಿ ನೋಡುವ ವಿಧಾನವನ್ನು ಆರಿಸಿಕೊಂಡೆ. ಪ್ರತಿ ತುಂಡಿನ ಶುರುವಿನಲ್ಲಿ ಮುಕ್ತಾಯದ ದಿನ ಎಲ್ಲಿತ್ತು, ಕೊನೆಯಲ್ಲಿ ಎಲ್ಲಿಗೆ ಜಾರಿತು, ಆ ಹೊತ್ತಿಗೆ ಕ್ರಿಟಿಕಲ್ ಪಾತ್‌ನಲ್ಲಿ, ಅಂದರೆ ಒಂದು ದಿನ ಜಾರಿದರೆ ಇಡೀ ಕಟ್ಟಡವನ್ನೇ ಒಂದು ದಿನ ಹಿಂದೆ ತಳ್ಳುವ ಕೆಲಸಗಳ ಸರಪಳಿಯಲ್ಲಿ, ಯಾವ ಕೆಲಸವಿತ್ತು ಎಂದು ನೋಡುವುದು. ಈ ಸರಪಳಿ ಒಂದೇ ಕಡೆ ನಿಲ್ಲುವುದಿಲ್ಲ. ಸೆಪ್ಟೆಂಬರಿನಲ್ಲಿ ನಿಂತು ನೋಡುವವರಿಗೆ ಮೋಲ್ಡ್ ಮಾತ್ರ ಕಾಣುತ್ತದೆ. ಮಾರ್ಚಿನಲ್ಲಿ ಅದು ಪಾಯದ ಗುಂಡಿಯಲ್ಲಿತ್ತು.

ಜನವರಿಯಿಂದ ಮಾರ್ಚ್‌ವರೆಗೆ ಹೋದದ್ದು 26 ದಿನ. ಲಾಲ್‌ಬಾಗಿನ ಗುಡ್ಡದಲ್ಲಿ ಕಣ್ಣಿಗೆ ಕಾಣುವ ಗ್ನೈಸ್ ಬಂಡೆ ಈ ಊರಿನ ಉಳಿದ ಕಡೆಗಳಲ್ಲಿ ಮಣ್ಣಿನಡಿ ಮಲಗಿದೆ, ಎಷ್ಟು ಆಳದಲ್ಲಿ ಎನ್ನುವುದು ಅಗೆದಾಗಲೇ ತಿಳಿಯುತ್ತದೆ. ಮಣ್ಣಿನ ಪರೀಕ್ಷೆಗೆ ಕೊರೆದ ಮೂರು ರಂಧ್ರಗಳೂ ಪಶ್ಚಿಮದ ಬದಿಯಲ್ಲಿದ್ದವು, ಬಂಡೆ ಸಿಕ್ಕಿದ್ದು ಈಶಾನ್ಯದ ಮೂಲೆಯಲ್ಲಿ. ಎರಡೂ ಪಕ್ಕದಲ್ಲಿ ಮನೆಗಳಿದ್ದುದರಿಂದ ಸಿಡಿಮದ್ದಿನ ಮಾತೇ ಇರಲಿಲ್ಲ. ರಾಸಾಯನಿಕ ತುಂಬಿ ಬಿರುಕು ಬಿಡಿಸಿ, ಬ್ರೇಕರ್ ಹಿಡಿದು, ಹಗಲಿನಲ್ಲಷ್ಟೇ ಒಡೆಯಬೇಕಾಯಿತು. ಕರಾರಿನಲ್ಲಿ ನೆಲದಡಿಯ ಅನಿರೀಕ್ಷಿತದ ಹೊಣೆ ಮಾಲೀಕರದ್ದು.

ಏಪ್ರಿಲ್–ಮೇನಲ್ಲಿ 27 ದಿನ. ಲಿಫ್ಟಿನ ಜಾಗ ಬದಲಾಗಿ ಹೊಸ ನಕ್ಷೆ ಬೇಕೆಂದು ಗುತ್ತಿಗೆದಾರರು ಏಪ್ರಿಲ್ 11ಕ್ಕೆ ಪತ್ರ ಬರೆದಿದ್ದರು, ಮಾಲೀಕರ ಕಡೆಯಿಂದ ನಕ್ಷೆ ಕೈಗೆ ಬಂದದ್ದು ಮೇ 19ಕ್ಕೆ. ಅವರ ಬೇಡಿಕೆ 38 ದಿನದ್ದು. ಆದರೆ ಲಿಫ್ಟ್ ಗುಂಡಿಯ ಕೆಲಸಕ್ಕೆ 11 ದಿನ ಬಿಡುವಿತ್ತು, ಆ ದಿನಗಳಲ್ಲಿ ಪಶ್ಚಿಮದ ರಾಫ್ಟಿಗೆ, ಅಂದರೆ ಪಾಯದ ಕಾಂಕ್ರೀಟ್ ಹಾಸಿಗೆ, ಕಬ್ಬಿಣ ಕಟ್ಟುವ ಕೆಲಸ ನಡೆದೇ ಇತ್ತು. ಕಟ್ಟಡ ಹಿಂದೆ ಬಿದ್ದದ್ದು 27 ದಿನ ಮಾತ್ರ, ಅಷ್ಟನ್ನೇ ಒಪ್ಪಿದೆ. ಆ 27ರ ಒಳಗೇ ಗುತ್ತಿಗೆದಾರರ ಕ್ರೇನ್ ಕೆಟ್ಟು 6 ದಿನ ನಿಂತಿತ್ತು. ಇಬ್ಬರ ತಡವೂ ಒಟ್ಟಿಗೆ ಬಿದ್ದಾಗಿನ ಪ್ರೋಟೋಕಾಲಿನ ನಿಲುವನ್ನೇ ಹಿಡಿದು, ಆ ಆರು ದಿನಕ್ಕೆ ಕಾಲಾವಕಾಶ ಉಂಟು, ಹೆಚ್ಚುವರಿ ಹಣ ಇಲ್ಲ ಎಂದು ಬರೆದೆ. ಇಬ್ಬರಿಗೂ ನನ್ನ ಮೇಲೆ ಮುನಿಸಾಯಿತು.

ಇನ್ನುಳಿದದ್ದು ಮೋಲ್ಡು. ನೆಲಮಾಳಿಗೆಯ ಮೋಲ್ಡ್ ಆದ ಮೇಲಿನ ನಾಲ್ಕು ಮೋಲ್ಡುಗಳಿಗೆ ಹಿಡಿದದ್ದು 18, 20, 19, 17 ದಿನ. ಯೋಜನೆಯ 56ಕ್ಕೆ ಬದಲಾಗಿ 74. ಈ 18 ದಿನ ಗುತ್ತಿಗೆದಾರರದ್ದೇ, ಅದರಲ್ಲಿ ಸಂಶಯವಿರಲಿಲ್ಲ. ಆದರೆ ಕಾರಣ? ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊರುವ ಹಲಗೆ, ಆಸರೆಗಳನ್ನು ಕಟ್ಟಿಸುವ ಸೆಂಟ್ರಿಂಗ್ ಮೇಸ್ತ್ರಿಯ ಜೊತೆ ಮಹಡಿ ಹತ್ತಿ ಇಡೀ ಒಂದು ಬೆಳಗ್ಗೆ ನಿಂತೆ. ಬಡಗಿಗಳು ಹಲಗೆಯ ಮೇಲೆ ಕುಳಿತಿದ್ದರು. "ಜನ ಇದ್ದಾರೆ ಮೇಡಂ, ಜಾಕಿ ಇಲ್ಲ," ಎಂದರು ಮೇಸ್ತ್ರಿ.

ಅಲ್ಲಿತ್ತು ಗಂಟು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಪ್ರಕಾರ, ಆಸರೆಯಿಂದ ಆಸರೆಗೆ 4.5 ಮೀಟರಿಗಿಂತ ಹೆಚ್ಚು ಅಗಲದ ಸ್ಲ್ಯಾಬಿನ ಅಡಿಯ ಊರುಗಂಬಗಳನ್ನು, ಅಂದರೆ ಮೇಸ್ತ್ರಿ ಹೇಳಿದ ಜಾಕಿಗಳನ್ನು, ತೆಗೆಯಲು 14 ದಿನ ಕಾಯಬೇಕು. ಇಲ್ಲಿನ ಸ್ಲ್ಯಾಬುಗಳು 5.2 ಮೀಟರ್. ಎರಡು ಪೂರ್ತಿ ಸೆಟ್ ಸೆಂಟ್ರಿಂಗ್ ಸಾಮಾನು ಇದ್ದರೆ, ಒಂದು ಮಹಡಿಯದು ಬಿಚ್ಚುವ ಹೊತ್ತಿಗೆ ಎರಡು ಮಹಡಿ ಮೇಲೆ ಅದರ ಅಗತ್ಯ ಬೀಳುತ್ತದೆ, 14 ದಿನದ ಸುತ್ತು ಸರಿಯಾಗಿ ಕೂಡಿಬರುತ್ತದೆ. ಸೈಟಿಗೆ ಬಂದಿದ್ದದ್ದು ಒಂದೂವರೆ ಸೆಟ್. ಅರ್ಧ ಮಹಡಿಗೆ ಹಲಗೆ ಕಟ್ಟಿ, ಉಳಿದರ್ಧಕ್ಕೆ ಕೆಳಗಿನ ಜಾಕಿ ಬಿಡುಗಡೆಯಾಗುವವರೆಗೆ ಕಾಯುತ್ತಿದ್ದರು. ವೇಳಾಪಟ್ಟಿಯಲ್ಲಿ ಇದು ಕಾಣದೇ ಇದ್ದದ್ದೇಕೆಂದರೆ, ಕೆಳಮಹಡಿಯ ಜಾಕಿ ತೆಗೆಯುವುದಕ್ಕೂ ಮೇಲಿನ ಮಹಡಿಯ ಸೆಂಟ್ರಿಂಗ್‌ಗೂ ನಡುವೆ ಯಾರೂ ಕೊಂಡಿಯನ್ನೇ ಹಾಕಿರಲಿಲ್ಲ. ಕೊಂಡಿ ಹಾಕಿ, ಒಂದೂವರೆ ಸೆಟ್ಟಿನ ಮಿತಿ ಕೊಟ್ಟು ಲೆಕ್ಕ ಮಾಡಿಸಿದಾಗ ಸುತ್ತು 18 ದಿನಕ್ಕೆ ಬಂದು ನಿಂತಿತು. ಮಾಲೀಕರು ಕೇಳಿದ ಇಪ್ಪತ್ತು ಜನ ಬಂದಿದ್ದರೆ ಅವರೂ ಹಲಗೆಯ ಮೇಲೆ ಕೂರುತ್ತಿದ್ದರು.

ಈ ಲೆಕ್ಕವನ್ನು ಒಂದು ಶನಿವಾರದ ಸಭೆಯಲ್ಲಿ ಇಬ್ಬರ ಮುಂದೆಯೂ ಇಟ್ಟೆ. ಮಾಲೀಕರ ಪಾಲಿನ 53 ದಿನ ವಿಸ್ತರಣೆ ಕೊಡಬೇಕು, 18 ದಿನವನ್ನು ಗುತ್ತಿಗೆದಾರರು ಮರಳಿ ಗಳಿಸಬೇಕು. ನನಗೆ ಸಂಬಳ ಕೊಡುವವರೇ ತಪ್ಪಿನ ದೊಡ್ಡ ಪಾಲು ಹೊರಬೇಕೆಂದು ಹೇಳುವಾಗ ಗಂಟಲು ಒಣಗಿತ್ತು. ಮಾಲೀಕರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಗೇಟಿನ ರಿಜಿಸ್ಟರಿನ ಫೋಟೋಗಳನ್ನು ತರಿಸಿ, ಮೇ ತಿಂಗಳ ಪುಟಗಳನ್ನು ತಾವೇ ಒಂದೊಂದಾಗಿ ನೋಡಿದರು. ಮುಂದಿನ ವಾರ ವಿಸ್ತರಣೆಯ ಪತ್ರಕ್ಕೆ ಸಹಿಯಾಯಿತು. ಹೊಸ ಗಡುವು 2025ರ ಫೆಬ್ರವರಿ 22.

ಗುತ್ತಿಗೆದಾರರು ಅರ್ಧ ಸೆಟ್ ಸಾಮಾನನ್ನು ಬಾಡಿಗೆಗೆ ತಂದರು. ಉಳಿದ ನಾಲ್ಕು ಮೋಲ್ಡುಗಳು 15, 14, 13, 14 ದಿನಗಳಲ್ಲಿ ಮುಗಿದವು. ಇಡೀ ಕಟ್ಟಡದ ಮೋಲ್ಡ್ ಆಗಲಿ ಎಂದು ಕಾಯದೆ, ಜಾಕಿ ಬಿಚ್ಚಿದ ಮಹಡಿಗಳಲ್ಲಿ ಗೋಡೆ, ನಲ್ಲಿ, ವಿದ್ಯುತ್ ಕೊಳವೆಯ ಕೆಲಸವನ್ನು ಮೊದಲೇ ಶುರು ಮಾಡಿಸಿದೆವು. ಹೆಚ್ಚು ದಿನ ಮರಳಿ ಸಿಕ್ಕಿದ್ದು ಅಲ್ಲೇ. 2024ರ ಜನವರಿಯ ಲೆಕ್ಕದಲ್ಲಿ ಸರಪಳಿ ಮತ್ತೆ ಜಾಗ ಬದಲಿಸಿ ಲಿಫ್ಟಿನ ಕಡೆಗೆ ಹೋಯಿತು. ಸರಬರಾಜಿಗೆ ಬೇಕಾದ ವಾರಗಳನ್ನು ಹಿಂದಿನಿಂದ ಎಣಿಸಿದರೆ ಆರ್ಡರ್ ಕೊಡಲು ಉಳಿದಿದ್ದದ್ದು ಒಂಬತ್ತು ದಿನ. ಅಂದೇ ಮಾಲೀಕರಿಗೆ ಫೋನ್ ಮಾಡಿದೆ, ಏಳನೆಯ ದಿನ ಆರ್ಡರ್ ಹೋಯಿತು.

ಕಟ್ಟಡ ಮುಗಿದದ್ದು 2025ರ ಫೆಬ್ರವರಿ 14ಕ್ಕೆ. ಮೂಲ ಗಡುವಿಗಿಂತ 45 ದಿನ ತಡ, ಹೊಸ ಗಡುವಿಗಿಂತ 8 ದಿನ ಮೊದಲು. ದಂಡದ ಪ್ರಶ್ನೆ ಬರಲಿಲ್ಲ, ಮಧ್ಯಸ್ಥಿಕೆಯ ಪಂಚಾಯಿತಿಗೂ ಹೋಗಲಿಲ್ಲ. ಕೀಲಿ ಕೊಡುವ ದಿನ ಗೇಟಿನ ಬಳಿ ಅದೇ ಕಾವಲುಗಾರರಿದ್ದರು. ಮೇಜಿನ ಮೇಲೆ ಮೂರನೆಯ ರಿಜಿಸ್ಟರ್ ಅರ್ಧ ತುಂಬಿತ್ತು, ಒಳಗೆ ಬರುತ್ತಿದ್ದ ಮನೆಸಾಮಾನಿನ ಲಾರಿಯ ನಂಬರನ್ನು ಅವರು ಬರೆದುಕೊಳ್ಳುತ್ತಿದ್ದರು.